ಹ್ಯಾನ್ಸ್ ಕೋಪರ್ ಹೂದಾನಿ ಮತ್ತು ಬಿರಿಯುವ ಬೆಸುಗೆ

ಪ್ರ: ಹ್ಯಾನ್ಸ್ ಕೋಪರ್ ಕುಂಬಾರರೋ, ಶಿಲ್ಪಿಯೋ?

ಉ: ಎರಡೂ. 1920ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1939ರಲ್ಲಿ ಇಂಗ್ಲೆಂಡ್ ಸೇರಿದವರು. 1946ರಲ್ಲಿ ಲಂಡನ್ನಿನ ಕುಂಬಾರ ಕಲಾವಿದೆ ಲೂಸಿ ರೀ ಅವರ ಕಾರ್ಯಾಗಾರಕ್ಕೆ ಬಟ್ಟೆಗೆ ಹಾಕುವ ಸೆರಾಮಿಕ್ ಗುಂಡಿ ಮಾಡಲು ಬಂದಾಗ ಅವರಿಗೆ ಮಣ್ಣಿನ ಕೆಲಸವೇ ಗೊತ್ತಿರಲಿಲ್ಲ, ಶಿಲ್ಪಿಯಾಗುವ ಆಸೆಯಿತ್ತು. ಕೊವೆಂಟ್ರಿ ಕೆಥೆಡ್ರಲ್‌ನ ಆರು ಎತ್ತರದ ಮೇಣದಬತ್ತಿ ಕಂಬಗಳನ್ನೂ (1962) ಅವರು ತಿಗರಿಯಲ್ಲಿ ಎತ್ತಿದ ತುಂಡುಗಳನ್ನು ಜೋಡಿಸಿಯೇ ಮಾಡಿದರು.

ಪ್ರ: ಅವರ ಸಲಿಕೆಯಾಕಾರದ ಹೂದಾನಿಯ ಮೇಲ್ಭಾಗ ಚಪ್ಪಟೆ, ಕೆಳಗೆ ದುಂಡು. ತಿಗರಿಯಲ್ಲಿ ಇದು ಹೇಗೆ ಬರುತ್ತದೆ? ನಾನು ಎರಡು ಭಾಗ ಕೂಡಿಸಿದರೆ ಒಣಗುವಾಗಲೇ ಬೆಸುಗೆ ಬಿರಿಯುತ್ತದೆ.

ಉ: ಎರಡು ಭಾಗವನ್ನೂ ದುಂಡಗೇ ಎತ್ತಬೇಕು. ಮೇಲಿನದಕ್ಕೆ ತಳ ಇರಬಾರದು. ಅದು ಇನ್ನೂ ಬಾಗುವಾಗಲೇ ಎರಡು ಅಂಗೈ ನಡುವೆ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ, ಕೆಳತುದಿಯನ್ನು ಕಿರಿದಾಗಿಸಿ. ಗಟ್ಟಿಯಾದ ಮೇಲೆ ಒತ್ತಿದರೆ ಅಂಚುಗಳಲ್ಲಿ ಸೀಳುತ್ತದೆ.

ಬಿರುಕಿಗೆ ಮುಖ್ಯ ಕಾರಣ ತೇವದ ವ್ಯತ್ಯಾಸ. ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಡುವ) ಮಣ್ಣು ಒಣಗುವಾಗಲೇ ಸುಮಾರು 5–6% ಕುಗ್ಗುತ್ತದೆ. ಒಂದು ಭಾಗ ಆಗಲೇ ಕುಗ್ಗಿ, ಇನ್ನೊಂದು ಹಸಿಯಾಗಿದ್ದರೆ ಎಳೆತವೆಲ್ಲ ಬೆಸುಗೆಯ ಮೇಲೆ. ಎರಡನ್ನೂ ಒಂದೇ ಮಣ್ಣಿನಲ್ಲಿ, ಒಂದೇ ದಿನ, ಒಂದೇ ದಪ್ಪಕ್ಕೆ ಎತ್ತಿ. ಉಗುರಿನ ಗುರುತು ಬೀಳಬೇಕು, ಗೋಡೆ ಬಾಗಬಾರದು. ಕೂಡಿಸಲು ಅದೇ ಹದ. ಎರಡೂ ಅಂಚನ್ನು ಅಡ್ಡಡ್ಡ ಗೀರಿ, ಅದೇ ಮಣ್ಣನ್ನು ದೋಸೆ ಹಿಟ್ಟಿನಷ್ಟು ಮಂದಕ್ಕೆ ಕಲಸಿ ಹಚ್ಚಿ, ಒತ್ತಿ ಕೂರಿಸಿ. ಬರೀ ನೀರು ಹಚ್ಚಿದರೆ ಅಂಟುವುದಿಲ್ಲ. ಒಳಗೆ ಗಾಳಿ ಸೇರಿಕೊಳ್ಳದಂತೆ ದಾರಿ ಬಿಡಿ. ಬಳಿಕ ಪ್ಲಾಸ್ಟಿಕ್ ಸುತ್ತಿ ಒಂದು ದಿನ ಇಟ್ಟರೆ ತೇವ ಸಮವಾಗುತ್ತದೆ. ಆಮೇಲೆ ನಿಧಾನ ಒಣಗಲಿ. ತೆಳು ಬಾಯಂಚು ಮೊದಲು ಒಣಗುವುದರಿಂದ ಅದಕ್ಕೆ ಮಾತ್ರ ಇನ್ನೊಂದೆರಡು ದಿನ ಹೊದಿಕೆ ಇರಲಿ. ಸುಟ್ಟು ಪುಡಿ ಮಾಡಿದ ಮಣ್ಣು, ಅಂದರೆ ಗ್ರಾಗ್, ಬೆರೆಸಿದರೆ ಕುಗ್ಗುವುದು ಕಡಿಮೆ. 

ಪ್ರ: ಕೋಪರ್ ಪಾತ್ರೆಗಳ ಆ ಒರಟು, ಸವೆದಂಥ ಮೈ ಯಾವ ಗ್ಲೇಜ್ (ಗಾಜಿನಂಥ ಲೇಪ)?

ಉ: ಹೊರಗೆ ಹೊಳೆಯುವ ಗ್ಲೇಜ್ ಇಲ್ಲ. ಇನ್ನೂ ಸುಡದ ಪಾತ್ರೆಗೆ ಬಿಳಿ ಸ್ಲಿಪ್ಪನ್ನೂ (ನೀರಲ್ಲಿ ಕಲಸಿದ ಮಣ್ಣು) ಮ್ಯಾಂಗನೀಸ್ ಬೆರೆತ ಕಪ್ಪನ್ನೂ ಪದರಪದರವಾಗಿ ಬಳಿದು, ಗೀರಿ, ಕೆರೆದು, ಒಂದೇ ಸಲ ಸುಟ್ಟು, ಮತ್ತೆ ಉಜ್ಜುತ್ತಿದ್ದರು. ಗೀರುಗಳಲ್ಲಿ ಕಪ್ಪು ಉಳಿಯುತ್ತದೆ. ಒಂದೇ ಸುಡಿಕೆಯಾದ್ದರಿಂದ 100 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಬಿಸಿಯನ್ನು ತೀರಾ ನಿಧಾನ ಏರಿಸಿ. ಇಲ್ಲದಿದ್ದರೆ ಉಳಿದ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ. ಮ್ಯಾಂಗನೀಸ್ ಪುಡಿಯೂ ಹೊಗೆಯೂ ನರಕ್ಕೆ ಹಾನಿ: ಮಾಸ್ಕ್ ಹಾಕಿ, ಗೂಡನ್ನು ಮನೆಯೊಳಗೆ ಉರಿಸಬೇಡಿ, ಊಟದ ಪಾತ್ರೆಗೆ ಇದನ್ನು ಬಳಿಯಲೇಬೇಡಿ.