200 ವ್ಯಾಟ್ ಕಿವಿಗೆ ಗೊತ್ತಾಗುವುದು ಯಾವಾಗ?

ದೊಡ್ಡ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದನ್ನು ಮನೆಗೆ ತಂದು ಕೇಳುತ್ತಿದ್ದೇನೆ ಅಂತ ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ಸರ್, 60 ವ್ಯಾಟ್‌ನ ಹಳೇ ಆಂಪ್ ತೆಗೆದು 200 ವ್ಯಾಟ್‌ನದು ತಂದೆ. ಎತ್ತಿ ಇಡೋಕೆ ಇಬ್ಬರು ಬೇಕಾಯಿತು. ಆದರೆ ರಾತ್ರಿ ಮೆಲ್ಲಗೆ ಹಾಡು ಹಾಕಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ. ಮೋಸ ಹೋದೆನಾ, ಇಲ್ಲ ನನ್ನ ಕಿವಿಯೇ ಸರಿ ಇಲ್ಲವಾ? ನೀವು ಕೇಳಿದಾಗ ಏನನ್ನಿಸಿತು?

ಉತ್ತರ: ಕಿವಿ ಚೆನ್ನಾಗಿಯೇ ಇದೆ. ಮೆಲ್ಲಗೆ ಕೇಳುವಾಗ ಎರಡು ಆಂಪ್‌ಗಳೂ ಕೊಡುತ್ತಿರುವುದು ಅರ್ಧ ವ್ಯಾಟೋ ಕಾಲು ವ್ಯಾಟೋ ಅಷ್ಟೇ. ಉಳಿದ 199 ಚಿಲ್ಲರೆ ವ್ಯಾಟ್ ಸುಮ್ನೆ ಕೂತಿರುತ್ತದೆ. ಆ ಹೊತ್ತಿನಲ್ಲಿ ಭಾರಿ ವ್ಯತ್ಯಾಸ ಕೇಳಿಸಿದ್ದರೆ ಎರಡರಲ್ಲಿ ಒಂದು ಆಂಪ್ ಕೆಟ್ಟಿದೆಯೇನೋ ಅಂತ ನಾನು ಅನುಮಾನಪಡುತ್ತಿದ್ದೆ.

ನನ್ನ ಕತೆ ಹೇಳುತ್ತೇನೆ, ಸ್ವಲ್ಪ ನಾಚಿಕೆಯದೇ. ನನ್ನದೂ ಹಳೆಯದು 60 ವ್ಯಾಟ್, ಹೊಸದು 200. ಮೊದಲ ಮೂರು ರಾತ್ರಿ ನಾನು ಹಾರಾಡಿದ್ದೇ ಹಾರಾಡಿದ್ದು. ಬಾಸ್‌ಗೆ ಕೈಕಾಲು ಬಂದಿದೆ, ಹಾಡುವವರು ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಾರೆ, ಪಿಟೀಲಿನ ಕಮಾನು ತಂತಿಗೆ ತಾಗುವುದು ಕಣ್ಣಿಗೆ ಕಟ್ಟುತ್ತಿದೆ ಅಂತೆಲ್ಲ ಎರಡು ಪುಟ ಟಿಪ್ಪಣಿ ಬರೆದೆ. ನಾಲ್ಕನೇ ದಿನ ಯಾಕೋ ಅನುಮಾನ ಬಂತು. 100 ಹರ್ಟ್ಜ್‌ನ ಒಂದೇ ಸಮನೆಯ ಸ್ವರ ಹಾಕಿ, ವಾಲ್ಯೂಮ್ ನಾಬ್ ಮುಟ್ಟದೆ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದೆ. ಹಳೆಯದರಲ್ಲಿ 2 ವೋಲ್ಟ್. ಹೊಸದರಲ್ಲಿ 2.3. ಅಂದರೆ ಹೊಸದರ ಗೇನ್, ಅಂದರೆ ಒಳಗೆ ಬಂದದ್ದನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದು, ಸ್ವಲ್ಪ ಜಾಸ್ತಿ ಇದೆ, ಮೂರು ರಾತ್ರಿಯೂ ನಾನು ಅದನ್ನು 1.2 ಡೆಸಿಬೆಲ್ ಜೋರಾಗಿ ಕೇಳಿದ್ದೇನೆ. ಇಷ್ಟು ಸಣ್ಣ ಏರಿಕೆಯನ್ನು ಕಿವಿ 'ಜೋರು' ಅಂತ ಗುರುತಿಸುವುದಿಲ್ಲ, 'ಚೆನ್ನಾಗಿದೆ' ಅಂತ ಗುರುತಿಸುತ್ತದೆ. ಇನ್ನು ಬಾಸ್ ವಿಷಯ. ಶಬ್ದ ಕಡಿಮೆ ಇದ್ದಾಗ ನಮ್ಮ ಕಿವಿಗೆ ಬಾಸ್ ಸರಿಯಾಗಿ ಕೇಳುವುದಿಲ್ಲ, ಶಬ್ದ ಏರಿದಂತೆ ಬಾಸ್ ಬೇರೆಲ್ಲದಕ್ಕಿಂತ ಬೇಗ ಮೇಲೆ ಬರುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನನ್ನ ಎರಡು ಪುಟ ಸೀದಾ ಕಸದ ಬುಟ್ಟಿಗೆ ಹೋಯಿತು.

ಆಮೇಲೆ ಎರಡನ್ನೂ ಒಂದೇ ವೋಲ್ಟೇಜಿಗೆ ಹೊಂದಿಸಿಕೊಂಡೆ. ಮನೆಯವರು ವೈರ್ ಬದಲಿಸುತ್ತಿದ್ದರು, ನಾನು ಬೆನ್ನು ತಿರುಗಿಸಿ ಕೂತು ಯಾವುದು ಅಂತ ಊಹಿಸುತ್ತಿದ್ದೆ. ಮೆಲ್ಲಗೆ ಹಾಕಿದಾಗ 12ರಲ್ಲಿ 6 ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಜೋರಾಗಿ ಹಾಕಿದಾಗ 12ಕ್ಕೆ 10.

ಆ ಹತ್ತರಲ್ಲಿ ಏನು ಕೇಳಿಸಿತು ಅಂದರೆ, ಮೃದಂಗದ ತನಿ ಆವರ್ತನ ಹಾಕಿದ್ದೆ, ಹಿಂದೆ ಸಣ್ಣಗೆ ತಂಬೂರಿ ಇತ್ತು. ಎರಡೂ ಕೈ ಒಟ್ಟಿಗೆ ಬಿದ್ದಾಗ ಹಳೇ ಆಂಪ್‌ನಲ್ಲಿ ಪೆಟ್ಟು ಬೀಳುತ್ತದೆ, ಆದರೆ ಅದರ ಮೊನೆ ಮೊಂಡಾಗಿರುತ್ತದೆ. ಬಲಗೈ ಚಾಪು 'ಟಣ್' ಅನ್ನುವ ಬದಲು 'ಟಪ್' ಅಂದಂತೆ. ಅದಕ್ಕಿಂತ ಮುಖ್ಯವಾಗಿ, ಆ ಒಂದು ಕ್ಷಣ ತಂಬೂರಿ ಕದಡಿದಂತಾಗಿ ಮತ್ತೆ ತಿಳಿಯಾಗುತ್ತದೆ. ಹೊಸ ಆಂಪ್‌ನಲ್ಲಿ ತಂಬೂರಿ ಜಗ್ಗುವುದೇ ಇಲ್ಲ. ಎಂಥ ಪೆಟ್ಟು ಬಿದ್ದರೂ ಅದು ತನ್ನ ಪಾಡಿಗೆ ತಾನು ಮೀಟುತ್ತಾ ಕೂತಿರುತ್ತದೆ. ಮೊದಲ ಎರಡು ಸಲ ನಾನು ಮೃದಂಗವನ್ನೇ ಗಮನಿಸಿ ತಪ್ಪು ಹೇಳಿದೆ, ತಂಬೂರಿಯ ಕಡೆ ಕಿವಿ ಕೊಟ್ಟ ಮೇಲೆ ಒಂದೂ ತಪ್ಪಲಿಲ್ಲ. ಪಿಯಾನೋದಲ್ಲಿ ಎಡಗೈಯ ದೊಡ್ಡ ಸ್ವರಗುಚ್ಛ ಬಿದ್ದಾಗಲೂ ಇದೇ ಅನುಭವ.

ಯಾಕೆ ಹೀಗೆ? ನನ್ನ ಸ್ಪೀಕರ್ 1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುತ್ತದೆ. ನಾನು ಸ್ವಲ್ಪ ಜೋರಾಗಿ ಕೇಳುವಾಗ ಸರಾಸರಿ ಖರ್ಚು ಸುಮಾರು 1 ವ್ಯಾಟ್. ಆದರೆ ಚೆನ್ನಾಗಿ ಮುದ್ರಿಸಿದ ಸಂಗೀತದಲ್ಲಿ ಪೆಟ್ಟುಗಳು ಸರಾಸರಿಗಿಂತ 20 ಡೆಸಿಬೆಲ್‌ವರೆಗೆ ಮೇಲೇಳಬಹುದು. 10 ಡೆಸಿಬೆಲ್‌ಗೆ ಹತ್ತು ಪಟ್ಟು ಪವರ್ ಬೇಕು, 20ಕ್ಕೆ ನೂರು ಪಟ್ಟು. 1 ವ್ಯಾಟ್‌ನಲ್ಲಿ ಆರಾಮಾಗಿ ಓಡುತ್ತಿದ್ದ ಆಂಪ್ ಕಣ್ಣು ಮಿಟುಕಿಸುವಷ್ಟರಲ್ಲಿ 100 ವ್ಯಾಟ್ ಕೊಡಬೇಕು. 60ರದ್ದು ಎಲ್ಲಿಂದ ತರುತ್ತದೆ? ಅಲೆಯ ತಲೆ ಕತ್ತರಿಸುತ್ತದೆ. ಇದೇ ಕ್ಲಿಪ್ಪಿಂಗ್. ಕತ್ತರಿಸಿದ ಆ ಕ್ಷಣದಲ್ಲಿ ಅದೇ ಅಲೆಯ ಮೇಲೆ ಸವಾರಿ ಮಾಡುತ್ತಿದ್ದ ತಂಬೂರಿಯ ನಾದವೂ ಕತ್ತರಿಸಿ ಹೋಗುತ್ತದೆ, ಅದಕ್ಕೇ ಆ ಕದಡು.

ಇಷ್ಟಾಗಿ 60ಕ್ಕೂ 200ಕ್ಕೂ ಇರುವ ಅಂತರ ಬರೀ 5 ಡೆಸಿಬೆಲ್. ಎರಡು ಪಟ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು. ಅಂದರೆ ನೀವು ತಂದಿರುವುದು ಮೂರು ಪಟ್ಟು ಗದ್ದಲವನ್ನಲ್ಲ, ಪೆಟ್ಟು ಬಿದ್ದಾಗ ತಲೆ ತಾಗದಿರುವಷ್ಟು ಎತ್ತರದ ಸೂರನ್ನು.

ಇಬ್ಬರು ಸೇರಿ ಎತ್ತಿದ್ದೀರಲ್ಲ, ಆ ಭಾರವೆಲ್ಲ ಟ್ರಾನ್ಸ್‌ಫಾರ್ಮರ್ ಮತ್ತು ಬಿಸಿಯನ್ನು ಹೊರಗೆ ಹಾಕುವ ಹೀಟ್ ಸಿಂಕ್‌ನದು. 8 ಓಮ್‌ಗೆ 200 ವ್ಯಾಟ್ ಅಂದರೆ 40 ವೋಲ್ಟ್, 5 ಆಂಪಿಯರ್. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 4ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಆಗ ಅದೇ 40 ವೋಲ್ಟ್‌ಗೆ 10 ಆಂಪಿಯರ್ ಕೊಡಬೇಕು. ಒಳ್ಳೆಯ ದೊಡ್ಡ ಆಂಪ್ ಅಲ್ಲಿ ಏದುಸಿರು ಬಿಡುವುದಿಲ್ಲ.

ಒಂದು ಎಚ್ಚರಿಕೆ. ಹಳೇ ಆಂಪ್‌ನಲ್ಲಿ ಜೋರು ಮಾಡಿದರೆ ಶಬ್ದ ಒರಟಾಗುತ್ತಿತ್ತು, ಕೈ ತಾನಾಗಿ ನಾಬ್ ಇಳಿಸುತ್ತಿತ್ತು. ಹೊಸದರಲ್ಲಿ ಆ ಸೂಚನೆಯೇ ಇಲ್ಲ. ಒಂದು ಸಂಜೆ ಪಕ್ಕದಲ್ಲೇ ನಿಂತವರು ನನ್ನ ಹೆಸರು ಕೂಗಿದ್ದು ಕೇಳಿಸದೆ ಅವರು ಭುಜ ತಟ್ಟಬೇಕಾಯಿತು, ಆಗಲೇ ಗೊತ್ತಾಗಿದ್ದು ಎಷ್ಟು ಜೋರಿದೆ ಅಂತ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್. ನೆನಪಿರಲಿ.

ಪ್ರಶ್ನೆ: ಟ್ರಾನ್ಸಿಸ್ಟರ್ ಆಂಪ್ ಎಷ್ಟೇ ಪವರ್ ಇದ್ದರೂ ಒಣಕಲು, ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಆಂಪ್‌ನ ಸಿಹಿ ಇದಕ್ಕೆ ಬರುವುದಿಲ್ಲ ಅಂತ ನನ್ನ ಸ್ನೇಹಿತರ ವಾದ. ನಿಜವಾ?

ಉತ್ತರ: ಒಂದು ಕಾಲಕ್ಕೆ ನಿಜವೇ ಆಗಿತ್ತು. 1960ರ ದಶಕದ ಎಷ್ಟೋ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ನೋಡಿಕೊಳ್ಳುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗುವ ಜಾಗದಲ್ಲಿ ಸಣ್ಣ ಎಡವು. ತಮಾಷೆ ಏನೆಂದರೆ ಈ ದೋಷ ಮೆಲ್ಲಗೆ ಕೇಳುವಾಗಲೇ ಜಾಸ್ತಿ ಕಾಣುತ್ತದೆ, ಅಲೆ ಚಿಕ್ಕದು, ಎಡವು ಮಾತ್ರ ಅಷ್ಟೇ ದೊಡ್ಡದು. ವಾಲ್ವ್‌ನಲ್ಲಿ ಉಲ್ಟಾ, ಮೆಲ್ಲಗಿದ್ದಾಗ ಶುದ್ಧ, ಜೋರಾದಂತೆ ದೋಷ ಏರುತ್ತದೆ. ಆ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಪಿಟೀಲು ಮರಳುಕಾಗದದಲ್ಲಿ ಉಜ್ಜಿದಂತೆ ಕೇಳಿದ್ದರೆ ಆ ಕಾಲದ ಕೇಳುಗರನ್ನು ದೂರುವಂತಿಲ್ಲ. ಎರಡೂ ಟ್ರಾನ್ಸಿಸ್ಟರ್‌ಗಳು ಕೈ ಬದಲಿಸುವ ಹೊತ್ತಿಗೆ ಒಟ್ಟಿಗೆ ಎಚ್ಚರವಾಗಿರುವಂತೆ ಸ್ವಲ್ಪ ಕರೆಂಟ್ ಹರಿಯಲು ಬಿಟ್ಟರೆ ಇದು ಸರಿಹೋಗುತ್ತದೆ. ಕ್ಲಾಸ್ ಎಬಿ ಅನ್ನುವುದು ಇದನ್ನೇ. 1970ರಲ್ಲಿ ಫಿನ್ಲೆಂಡಿನ ಮಟ್ಟಿ ಒಟಾಲ ಇನ್ನೊಂದು ದೋಷ ಹಿಡಿದರು. ನಿಧಾನದ ಸರ್ಕ್ಯೂಟಿಗೆ ವಿಪರೀತ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದಿಕೊಳ್ಳುವ ಏರ್ಪಾಡು) ಕೊಟ್ಟರೆ ಥಟ್ಟನೆ ಬರುವ ಪೆಟ್ಟುಗಳಲ್ಲಿ ಅದು ತಬ್ಬಿಬ್ಬಾಗುತ್ತದೆ ಅಂತ. ಈಗಿನ ಟ್ರಾನ್ಸಿಸ್ಟರ್‌ಗಳ ವೇಗಕ್ಕೆ ಅದೊಂದು ತೊಂದರೆಯೇ ಅಲ್ಲ.

ಆದರೆ ವಾಲ್ವ್‌ನ ಸಿಹಿ ಸುಳ್ಳಲ್ಲ. ಅದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಆಂಪ್ ಒಳಗೇ ಇರುವ ಅಡ್ಡಿ, ಜಾಸ್ತಿ ಇರುವುದರಿಂದ ಸ್ಪೀಕರ್‌ನ ಇಂಪೀಡೆನ್ಸ್ ಏರಿಳಿದ ಹಾಗೆ ಸ್ವರದ ಬಣ್ಣವೂ ಸ್ವಲ್ಪ ಬದಲಾಗುತ್ತದೆ. 1985ರಲ್ಲಿ ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ ಅಲ್ಲಿನ ಸ್ಟೀರಿಯೋಫೈಲ್ ಎಂಬ ಆಡಿಯೋ ಪತ್ರಿಕೆಯವರಿಗೆ ಸವಾಲು ಹಾಕಿ, ಅವರು ಆರಿಸಿದ ದುಬಾರಿ ವಾಲ್ವ್ ಆಂಪ್‌ನ ಥರವೇ ಕೇಳುವಂತೆ ತಮ್ಮ ಟ್ರಾನ್ಸಿಸ್ಟರ್ ಆಂಪ್ ಅನ್ನು ತಿದ್ದಿದರು. ಎರಡರ ಔಟ್‌ಪುಟ್ ಒಂದರಿಂದೊಂದು ಕಳೆದು, ಏನು ಉಳಿಯುತ್ತದೋ ಅದನ್ನು ಕಡಿಮೆ ಮಾಡುತ್ತಾ ಹೋಗುವುದು ಅವರ ದಾರಿ. ಕೊನೆಗೆ ಪತ್ರಿಕೆಯವರಿಗೇ ಯಾವುದು ಯಾವುದೆಂದು ಹೇಳಲಾಗಲಿಲ್ಲ. ನಿಮ್ಮ ಸ್ನೇಹಿತರಿಗೆ ಆ ಬಣ್ಣ ಇಷ್ಟ, ಇರಲಿ ಬಿಡಿ. ನನಗೆ ಬಣ್ಣ ಹಚ್ಚದ್ದೇ ಇಷ್ಟ.

ಪ್ರಶ್ನೆ: ಸ್ಪೀಕರ್ ಹಿಂದೆ 100 ವ್ಯಾಟ್ ಅಂತ ಬರೆದಿದೆ. 200 ವ್ಯಾಟ್ ಆಂಪ್ ಹಾಕಿದರೆ ಸುಟ್ಟುಹೋಗಲ್ವಾ?

ಉತ್ತರ: ಆಂಪ್ ಪವರನ್ನು ಸ್ಪೀಕರಿನೊಳಗೆ ತುರುಕುವುದಿಲ್ಲ, ನಾಬ್ ಕೇಳಿದಷ್ಟೇ ಕೊಡುತ್ತದೆ. ಚಿಕ್ಕ ಆಂಪ್ ಸುರಕ್ಷಿತ ಅನ್ನುವುದೂ ಅರ್ಧ ಸತ್ಯ. 60 ವ್ಯಾಟ್‌ನದನ್ನು ಪೂರ್ತಿ ಹಿಂಡಿ ಅಲೆಗಳೆಲ್ಲ ಚೌಕಾಕಾರವಾಗುವಷ್ಟು ಕ್ಲಿಪ್ ಮಾಡಿದರೆ ಅದು 120 ವ್ಯಾಟ್‌ವರೆಗೂ ಕೊಡಬಲ್ಲದು, ಅದರಲ್ಲಿ ಒಂದು ಪಾಲು ಟ್ವೀಟರ್ (ಸ್ಪೀಕರಿನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ) ಕಡೆಗೂ ಹೋಗುತ್ತದೆ. ಟ್ವೀಟರ್ ಕಾಯಿಲ್ ಕೂದಲಿನಷ್ಟು ತೆಳು ತಂತಿ. ಒಮ್ಮೆ ಮನೆಯಲ್ಲಿ ಹಬ್ಬಿದ ನಗುವಿನ ಮಧ್ಯೆ ಯಾರೋ ನಾಬ್ ಕೊನೆಗೆ ತಿರುಗಿಸಿ ನನ್ನ ಒಂದು ಟ್ವೀಟರ್ ಹೋಗಿದ್ದು ಚಿಕ್ಕ ಆಂಪ್‌ನಿಂದಲೇ. ದೊಡ್ಡದು ಹಾಕಿ, ಕಿವಿ ತೆರೆದಿಟ್ಟುಕೊಳ್ಳಿ. ಬಾಸ್ ನುಡಿಸುವ ದೊಡ್ಡ ಭಾಗ, ಅಂದರೆ ವೂಫರ್, 'ಟಕ್' ಅಂತ ಬಡಿದುಕೊಂಡರೆ ಕೂಡಲೇ ಇಳಿಸಿ.

ಪ್ರಶ್ನೆ: ಒಂದು ಆಂಪ್‌ನ ಡ್ಯಾಂಪಿಂಗ್ ಫ್ಯಾಕ್ಟರ್ 200, ಇನ್ನೊಂದರದು 500. ಬಾಸ್‌ನ ಬಿಗಿ ಎರಡನೆಯದರಲ್ಲಿ ಎರಡೂವರೆ ಪಟ್ಟಾ?

ಉತ್ತರ: ಇಲ್ಲ. ಸ್ಪೀಕರಿನ 8 ಓಮ್ ಅನ್ನು ಆಂಪ್ ಒಳಗಿನ ಓಮ್‌ನಿಂದ ಭಾಗಿಸಿದರೆ ಬರುವುದೇ ಡ್ಯಾಂಪಿಂಗ್ ಫ್ಯಾಕ್ಟರ್, ವೂಫರ್‌ನ ಅಲುಗಾಟವನ್ನು ಆಂಪ್ ಎಷ್ಟು ಬಿಗಿಯಾಗಿ ಹಿಡಿದಿಡುತ್ತದೆ ಅನ್ನುವುದರ ಅಳತೆ. ಆದರೆ ನೀವು ವೈರ್ ಮರೆತಿರಿ. ಸ್ಪೀಕರ್ 5 ಮೀಟರ್ ದೂರದಲ್ಲಿದ್ದು ವೈರ್ 1.5 ಚದರ ಮಿಲಿಮೀಟರ್ ದಪ್ಪದ್ದಾದರೆ, ಹೋಗಿ ಬರುವ 10 ಮೀಟರ್ ತಾಮ್ರದ ರೆಸಿಸ್ಟೆನ್ಸ್ ಸುಮಾರು 0.115 ಓಮ್. ಅದನ್ನು ಸೇರಿಸಿ ಲೆಕ್ಕ ಹಾಕಿದರೆ 200 ಇದ್ದದ್ದು 52ಕ್ಕೆ ಇಳಿಯುತ್ತದೆ, 500 ಇದ್ದದ್ದು 61ಕ್ಕೆ. ಸ್ಪೀಕರ್ ಕಾಯಿಲ್‌ನ ಐದಾರು ಓಮ್ ಇದಕ್ಕಿಂತಲೂ ದೊಡ್ಡ ಅಡ್ಡಗೋಡೆ. ನನ್ನ ಮನೆಯಲ್ಲಿ ಬಾಸ್ ಬಿಗಿಯಾಗಿದ್ದು ಸ್ಪೀಕರನ್ನು ಮೂಲೆಯಿಂದ ಒಂದು ಮೊಳ ಈಚೆ ಎಳೆದಾಗ.

ಪ್ರಶ್ನೆ: ವಾಲ್ಯೂಮ್ ಗಡಿಯಾರದ 10ರ ಗುರುತಿಗೆ ಬರುವಷ್ಟರಲ್ಲೇ ಸಾಕಷ್ಟು ಜೋರು. ಹಾಗಾದರೆ ಮುಕ್ಕಾಲು ಪವರ್ ಇನ್ನೂ ಬಾಕಿ ಇದೆ ಅಂತ ಅಲ್ವಾ?

ಉತ್ತರ: ನಾಬ್ ಪವರ್ ಮೀಟರ್ ಅಲ್ಲ. ಸಿಡಿ ಪ್ಲೇಯರ್ ಗರಿಷ್ಠ 2 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. ಆಂಪ್ ಅದನ್ನು 20 ಪಟ್ಟು ಹೆಚ್ಚಿಸಿದರೆ 40 ವೋಲ್ಟ್, ಅಲ್ಲಿಗೇ 200 ವ್ಯಾಟ್ ಮುಗಿಯಿತು. ಆಂಪ್‌ನ ಗೇನ್ ಅದಕ್ಕಿಂತ ಜಾಸ್ತಿ ಇದ್ದರೆ ನಾಬ್ ಅರ್ಧಕ್ಕೆ ಬರುವ ಮೊದಲೇ ಪೆಟ್ಟುಗಳು ಮಿತಿ ಮುಟ್ಟಿರಬಹುದು. ಅಂದ ಹಾಗೆ, ಗೇನ್ ಜಾಸ್ತಿ ಇರುವುದರ ಇನ್ನೊಂದು ಬೆಲೆ ಅಂದರೆ 'ಸ್‌ಸ್' ಅನ್ನುವ ಸದ್ದು. ನನ್ನ ಹೊಸದರಲ್ಲಿ ಟ್ವೀಟರ್‌ಗೆ ಕಿವಿ ಹಚ್ಚಿದರೆ ಅದು ಹಳೆಯದಕ್ಕಿಂತ ಒಂದು ಚೂರು ಹೆಚ್ಚು. ಕುರ್ಚಿಯಲ್ಲಿ ಕೂತರೆ ಕೇಳಿಸುವುದಿಲ್ಲ.

ಪ್ರಶ್ನೆ: ನೂರಾರು ಗಂಟೆ ಓಡಿಸಿದ ಮೇಲೆ ಆಂಪ್ 'ತೆರೆದುಕೊಳ್ಳುತ್ತದೆ' ಅನ್ನುತ್ತಾರೆ. ನಿಮ್ಮದು ತೆರೆದುಕೊಂಡಿತಾ?

ಉತ್ತರ: ನನ್ನ ಕಿವಿ ಅದಕ್ಕೆ ಒಗ್ಗಿಕೊಂಡಿತು. ಆಂಪ್ ಮೊದಲ ದಿನದ ಹಾಗೇ ಇದೆ. ಬಿಸಿಯಾಗಲು ಅರ್ಧ ಗಂಟೆ ಬೇಕು, ಅದು ಬೇರೆ ವಿಷಯ, ಆಮೇಲೆ ಒಳಗಿನ ಕರೆಂಟ್ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಅದರ ಮೇಲೆ ಪುಸ್ತಕ, ಬಟ್ಟೆ ಏನನ್ನೂ ಇಡಬೇಡಿ, ಗಾಳಿ ಆಡಲಿ.

ಪ್ರಶ್ನೆ: ಆನ್ ಮಾಡಿ ನಾಲ್ಕೈದು ಸೆಕೆಂಡ್ ಆದ ಮೇಲೆ ಒಳಗೆ 'ಟಕ್' ಅನ್ನುತ್ತದೆ, ಆಮೇಲೇ ಹಾಡು. ಆಫ್ ಮಾಡಿದ ಮೇಲೂ ಒಮ್ಮೊಮ್ಮೆ ಒಂದೆರಡು ಸೆಕೆಂಡ್ ಹಾಡು ಬರುತ್ತದೆ. ರಿಪೇರಿಗೆ ಕೊಡಬೇಕಾ?

ಉತ್ತರ: ಬೇಡ. 'ಟಕ್' ಅಂದದ್ದು ರಿಲೇ, ತಾನಾಗಿ ಬೀಳುವ ಒಂದು ಸ್ವಿಚ್. ಒಳಗಿನ ವೋಲ್ಟೇಜ್ ನೆಲೆ ನಿಂತ ಮೇಲೆ ಅದು ಸ್ಪೀಕರನ್ನು ಸೇರಿಸುತ್ತದೆ, ಇಲ್ಲದಿದ್ದರೆ ಪ್ರತಿ ಸಲವೂ ವೂಫರ್‌ಗೆ 'ಧಡ್' ಅಂತ ಏಟು. ಆಫ್ ಆದ ಮೇಲೆ ಬರುವ ಹಾಡು ದೊಡ್ಡ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ತಿನದು. ಆ 'ಟಕ್' ಬರದೇ ಹೋದ ದಿನ ಮಾತ್ರ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಬಂದಿದ್ದಕ್ಕೇ ರಿಲೇ ಸ್ಪೀಕರನ್ನು ಸೇರಿಸದೆ ಕಾಪಾಡುತ್ತಿರಬಹುದು. ಪ್ಲಗ್ ತೆಗೆದು, ಸ್ಪೀಕರ್ ವೈರ್ ಬಿಚ್ಚಿ, ಆಮೇಲೆ ರಿಪೇರಿಯವರನ್ನು ಕರೆಯಿರಿ.