ಮೂರು ಬ್ಲಾಕ್, ಜೊತೆಗೆ ಶುಗರ್: ಸ್ಟೆಂಟಾ, ಬೈಪಾಸಾ?

ಡೊಂಬಿವಲಿಯಲ್ಲಿರುವ ಅಪ್ಪನಿಗೆ ಹೃದಯದ ಮೂರೂ ರಕ್ತನಾಳಗಳಲ್ಲಿ ಬ್ಲಾಕ್, ಶುಗರ್ ಬೇರೆ, ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಸಾಕಾ ಅಂತ ಕೇಳಿದ್ದೀರಿ. ಇಂಥವರಿಗೆ ಸಾಮಾನ್ಯವಾಗಿ ಬೈಪಾಸೇ ಒಳ್ಳೆಯದು. ಶುಗರ್ ಇರುವವರಲ್ಲಿ ಸ್ಟೆಂಟ್, ಬೈಪಾಸ್ ಎರಡನ್ನೂ ಹೋಲಿಸಿದ 2012ರ ಫ್ರೀಡಂ ಅಧ್ಯಯನದಲ್ಲೂ ಹಾಗೇ ಕಂಡಿತ್ತು, ಪಾರ್ಶ್ವವಾಯು ಮಾತ್ರ ಬೈಪಾಸ್ ಆದವರಲ್ಲಿ ಸ್ವಲ್ಪ ಜಾಸ್ತಿ ಇತ್ತು. ಬೈಪಾಸ್ ಆಪರೇಷನ್‌ನಲ್ಲಿ ಎದೆಗೂಡಿನ ಒಳಗಿನ ನಾಳವನ್ನೇ ತಿರುಗಿಸಿ ಹೃದಯದ ಮುಂಭಾಗದ ನಾಳಕ್ಕೆ ಹೊಲಿಯುತ್ತಾರೆ, ಅದು ಕಾಲಿನಿಂದ ತೆಗೆದ ನಾಳಕ್ಕಿಂತ ಜಾಸ್ತಿ ವರ್ಷ ಬಾಳುತ್ತದೆ. ಆದರೆ ಕಿಡ್ನಿ, ಹೃದಯದ ಪಂಪಿಂಗ್ ನೋಡದೆ ತೀರ್ಮಾನ ಆಗಲ್ಲ. ಆಂಜಿಯೋಗ್ರಾಂ ಸಿಡಿ ಕೇಳಿ ಪಡೆಯಿರಿ, ಬರೀ ರಿಪೋರ್ಟ್ ಸಾಲದು. ಮುಂಬೈ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಸರ್ಜನ್‌ಗೂ ತೋರಿಸಿ. ಸ್ಟೆಂಟ್ ಹಾಕುವವರೊಬ್ಬರನ್ನೇ ಕೇಳಿ ಸುಮ್ನೆ ಆಗೋದು ಬೇಡ, ಅಲ್ವಾ? ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ, ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಫುಲೆ ಆರೋಗ್ಯ ಯೋಜನೆಯಲ್ಲಿ ಬೈಪಾಸೂ ಬರುತ್ತದೆ. ರಕ್ತ ತೆಳು ಮಾಡುವ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಸುಮ್ನೆ ಕೂತಾಗಲೂ ಎದೆನೋವು ಬಂದರೆ ನೇರ ಕ್ಯಾಶುವಲ್ಟಿಗೆ ಹೋಗಿ.