ಕ್ಯಾಥೆಟರ್ ಹಾಕಿಕೊಂಡವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆಯೇ?

ಬೆನ್ನುಹುರಿಗೆ ಪೆಟ್ಟಾಗಿ ಹದಿನಾಲ್ಕು ವರ್ಷಗಳಿಂದ ಕ್ಯಾಥೆಟರ್ (ಮೂತ್ರಕೋಶದಿಂದ ಮೂತ್ರ ಹೊರಗೆ ಹರಿಸುವ ನಳಿಕೆ) ಹಾಕಿಕೊಂಡಿರುವ ನಿಮ್ಮ ಅಣ್ಣನವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚೇ ಎಂದು ಕೇಳಿದ್ದೀರಿ. ಉಳಿದವರಿಗಿಂತ ಹೆಚ್ಚು ಎಂಬುದು ನಿಜ. ಆದರೆ ನಮ್ಮಂಥವರಲ್ಲಿ ಬಹುಪಾಲು ಜನರಿಗೆ ಅದು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ನಾನು ವೈದ್ಯನಲ್ಲ. 2004ರ ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಮದ್ದು ಬಿಡಲು ಹತ್ತಿದ್ದ ಅಡಿಕೆಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು, ಆಮೇಲೆ ಹದಿನೇಳು ವರ್ಷ ಕ್ಯಾಥೆಟರಿನೊಂದಿಗೆ ಬದುಕಿದವನು.

ನಳಿಕೆ ವರ್ಷಗಟ್ಟಲೆ ಒಳಗೋಡೆಗೆ ತಾಗುತ್ತಿರುವುದು, ಪದೇ ಪದೇ ಬರುವ ಸೋಂಕು, ಕಲ್ಲು, ಇವೆಲ್ಲ ಸೇರಿ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತಲೇ ಇರುತ್ತವೆ. ಇತರರಲ್ಲಿ ಅಪರೂಪವಾದ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಬಗೆಯ ಮೂತ್ರಕೋಶದ ಕ್ಯಾನ್ಸರ್ ನಮ್ಮಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳಲು ಇದೇ ಕಾರಣವೆನ್ನುತ್ತಾರೆ. ಅದು ಸಾಮಾನ್ಯವಾಗಿ ಪೆಟ್ಟಾಗಿ ಹತ್ತಿಪ್ಪತ್ತು ವರ್ಷಗಳ ಬಳಿಕ ಬರುವಂಥದ್ದು. ಹೊಟ್ಟೆಯ ಮೂಲಕ ನಳಿಕೆ ಹಾಕಿಸಿಕೊಂಡವರೂ ಇದರಿಂದ ಹೊರತಲ್ಲ. ಅಣ್ಣನವರು ಬೀಡಿ ಸೇದುವವರಾದರೆ ಮೊದಲು ಅದನ್ನು ಬಿಡಿಸಿ.

2021ರಲ್ಲಿ ನನ್ನ ಯೂರಿನ್ ಬ್ಯಾಗಿನಲ್ಲಿ ಮೂತ್ರ ತೆಳು ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿತು. ತೋರಿಸಿದ ಆಸ್ಪತ್ರೆಯಲ್ಲಿ ಸೋಂಕೆಂದು ಮೂರು ಸಲ ಆಂಟಿಬಯೋಟಿಕ್ ಬರೆದುಕೊಟ್ಟರು. ನೋವೇ ತಿಳಿಯದ ನನಗೂ ಗಾಬರಿಯಾಗಲಿಲ್ಲ. ನಾಲ್ಕನೆಯ ಸಲ ಮನೆಗೆ ಬಂದು ನಳಿಕೆ ಬದಲಾಯಿಸಿದ ಪಂಚಾಯತಿನ ಪಾಲಿಯೇಟಿವ್ ನರ್ಸ್, ಅದರ ತುದಿಗೆ ಅಂಟಿದ್ದ ಹೆಪ್ಪುಗಟ್ಟಿದ ರಕ್ತವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ಇನ್ನು ಮಾತ್ರೆಗೆ ಬಿಡಬೇಡಿ, ಒಳಗೆ ಕ್ಯಾಮೆರಾ ಹಾಕಿ ನೋಡಿಸಿ" ಎಂದರು. ಮಂಗಳೂರಿನಲ್ಲಿ ಆ ಕ್ಯಾಮೆರಾ ಪರೀಕ್ಷೆ, ಅಂದರೆ ಸಿಸ್ಟೋಸ್ಕೋಪಿ, ಮಾಡಿಸಿದಾಗ ಒಂದು ಕಲ್ಲೂ ಅದರ ಪಕ್ಕದಲ್ಲಿ ದಪ್ಪಗಾದ ಪದರವೂ ಕಂಡವು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಇದ್ದಿದ್ದರೆ ಆ ಮೂರು ಕೋರ್ಸುಗಳ ಕಾಲವೆಲ್ಲ ಅದಕ್ಕೆ ಸಂದಾಯವಾಗುತ್ತಿತ್ತು. ಕಲ್ಲು ತೆಗೆಸಿದ ಮೇಲೆ, ಕೈಗಳಿಗೆ ಶಕ್ತಿಯಿರುವುದರಿಂದ, ದಿನಕ್ಕೆ ಐದಾರು ಬಾರಿ ನಾನೇ ನಳಿಕೆ ಹಾಕಿ ತೆಗೆಯುವ ಕ್ರಮಕ್ಕೆ ಬದಲಾದೆ.

ಏನೂ ತೊಂದರೆಯಿಲ್ಲದವರಿಗೂ ವರ್ಷಕ್ಕೊಮ್ಮೆ ಸಿಸ್ಟೋಸ್ಕೋಪಿ ಬೇಕೇ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಎರಡು ತಪಾಸಣೆಗಳ ನಡುವೆ ಗಡ್ಡೆ ಬೆಳೆದದ್ದೂ ಉಂಟು. ಆದರೆ ಮೂತ್ರದಲ್ಲಿ ರಕ್ತ ಕಂಡರೆ, ನಳಿಕೆ ಮೇಲಿಂದ ಮೇಲೆ ಕಟ್ಟಿಕೊಂಡರೆ ಅಥವಾ ಸೋಂಕು ಹಿಂದೆಂದಿಗಿಂತ ಹೆಚ್ಚಿದರೆ ಯೂರಾಲಜಿಸ್ಟರನ್ನೇ ಕಾಣಿರಿ, ಕ್ಯಾಥೆಟರ್ ಹಾಕಿ ಎಷ್ಟು ವರ್ಷವಾಯಿತೆಂಬುದನ್ನು ಅವರು ಕೇಳದಿದ್ದರೂ ಹೇಳಿರಿ. ಅಣ್ಣನವರಿಗೆ ಪೆಟ್ಟಾದದ್ದು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದರೆ ಅದನ್ನೂ ಮೊದಲೇ ತಿಳಿಸಬೇಕು, ಏಕೆಂದರೆ ಅಂಥವರಿಗೆ ಸಿಸ್ಟೋಸ್ಕೋಪಿಯ ವೇಳೆ ರಕ್ತದೊತ್ತಡ ಹಠಾತ್ತನೆ ಏರಬಹುದು.